ಬಡಗಿ, ಗಾರೆಯವ, ವೈರ್‌ಮನ್ ಒಂದೇ ಮೇಜಿನ ಸುತ್ತ: ಅಮೆರಿಕದ ಕಟ್ಟಡ ಸಂಘಗಳ ಮಂಡಳಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಮೆರಿಕದಲ್ಲಿ ಕಟ್ಟಡ ಕೆಲಸದವರ ಸಂಘಗಳು ಕಸುಬಿಗೊಂದರಂತೆ ಇವೆ. ಒಂದೊಂದು ಪ್ರದೇಶದಲ್ಲಿ ಅವೆಲ್ಲ ಸೇರಿ ಒಂದು ಮಂಡಳಿ ಕಟ್ಟಿಕೊಳ್ಳುತ್ತವೆ. ಆ ಮಂಡಳಿಯ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಏಳಕ್ಕೆ ಈ ಸಲದ ಉತ್ತರ.

ಪ್ರಶ್ನೆ: ಒಂದು ಕಡೆ ‘ಬಿಲ್ಡಿಂಗ್ ಟ್ರೇಡ್ಸ್ ಕೌನ್ಸಿಲ್’ ಅಂತ ಓದಿದೆ, ಇನ್ನೊಂದು ಕಡೆ ಬಡಗಿಗಳ ‘ರೀಜನಲ್ ಕೌನ್ಸಿಲ್’ ಅಂತ. ಎರಡೂ ಒಂದೇನಾ? ಕೆಲಸಗಾರರು ಇದಕ್ಕೆ ನೇರವಾಗಿ ಸದಸ್ಯರಾಗುತ್ತಾರಾ?
(ಸಮಾಜಕಾರ್ಯ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡೂ ಬೇರೆ ಬೇರೆ. ಈ ಗಂಟು ಬಿಡಿಸಿಕೊಂಡರೆ ಮುಂದಿನದೆಲ್ಲ ಸಲೀಸು.

ಎಲ್ಲಕ್ಕೂ ತಳದಲ್ಲಿರುವುದು ಸ್ಥಳೀಯ ಸಂಘ. ಅಲ್ಲಿನ ಮಾತಿನಲ್ಲಿ ಅದು ‘ಲೋಕಲ್’, ಹೆಸರಿನ ಜೊತೆಗೆ ಒಂದು ನಂಬರು. ಒಂದು ಲೋಕಲ್ ಅಂದರೆ ಒಂದು ಕಸುಬು: ಎಲೆಕ್ಟ್ರಿಷಿಯನ್ನರದು ಒಂದು, ಪ್ಲಂಬರ್ ಮತ್ತು ಪೈಪ್ ಫಿಟ್ಟರ್‌ಗಳದು ಒಂದು, ಉಕ್ಕಿನ ಕಂಬ ತೊಲೆ ನಿಲ್ಲಿಸುವವರದು ಒಂದು, ಇಟ್ಟಿಗೆ ಕಟ್ಟುವವರದು, ಬಣ್ಣ ಹೊಡೆಯುವವರದು, ಕ್ರೇನ್ ನಡೆಸುವವರದು, ಹೆಲ್ಪರ್‌ಗಳದು ಹೀಗೆ. ಪ್ರತಿ ಲೋಕಲ್ ಮೇಲೆ ಅದೇ ಕಸುಬಿನ ದೇಶಮಟ್ಟದ ಸಂಘ. ಕೆನಡಾದಲ್ಲೂ ಶಾಖೆಗಳಿರುವುದರಿಂದ ಅದಕ್ಕೆ ‘ಇಂಟರ್‌ನ್ಯಾಷನಲ್’ ಎನ್ನುತ್ತಾರೆ. ಇಟ್ಟಿಗೆಯವರ ಸಂಘ ಹುಟ್ಟಿದ್ದು 1865ರಲ್ಲಿ, ಬಡಗಿಗಳದು 1881ರಲ್ಲಿ, ಎಲೆಕ್ಟ್ರಿಷಿಯನ್ನರದು 1891ರಲ್ಲಿ.

ಇವು ನೆಟ್ಟಗೆ ನಿಂತ ಕಂಬಗಳು ಎಂದುಕೊಳ್ಳಿ. ಬಿಲ್ಡಿಂಗ್ ಟ್ರೇಡ್ಸ್ ಕೌನ್ಸಿಲ್ ಎಂಬುದು ಆ ಕಂಬಗಳಿಗೆ ಅಡ್ಡ ಹಾಕಿದ ತೊಲೆ. ಒಂದು ಊರಿನ ಅಥವಾ ಒಂದೆರಡು ಕೌಂಟಿಗಳ ಎಲ್ಲ ಕಸುಬಿನ ಲೋಕಲ್‌ಗಳೂ ಅದರಲ್ಲಿರುತ್ತವೆ. (ಕೌಂಟಿಯನ್ನು ನಮ್ಮ ಜಿಲ್ಲೆಯ ಹಾಗೆ ತಿಳಿಯಬಹುದು.) ಸಾಂಟಾ ಕ್ಲಾರಾ ಮತ್ತು ಸ್ಯಾನ್ ಬೆನಿಟೊ ಕೌಂಟಿಗಳಿಗೆ ಒಂದು ಮಂಡಳಿ, ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳಿಗೆ ಒಂದು, ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೇ ಒಂದು. ಇವುಗಳ ಮೇಲೆ ರಾಜ್ಯದ ಮಂಡಳಿ. ಕ್ಯಾಲಿಫೋರ್ನಿಯದ್ದು 1901ರಷ್ಟು ಹಳೆಯದು. ತುದಿಯಲ್ಲಿ ದೇಶಮಟ್ಟದ ಒಕ್ಕೂಟ. ಅದು 1908ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರ್‌ನ ಒಂದು ವಿಭಾಗವಾಗಿ ಶುರುವಾದದ್ದು, ಈಗ ‘ನಾರ್ತ್ ಅಮೆರಿಕಾಸ್ ಬಿಲ್ಡಿಂಗ್ ಟ್ರೇಡ್ಸ್ ಯೂನಿಯನ್ಸ್’ ಎಂಬ ಹೆಸರಿನಲ್ಲಿದೆ. ಊರಿನ ಮಂಡಳಿಗೆ ಮಾನ್ಯತೆಯ ಪತ್ರ ಬರುವುದು ಅಲ್ಲಿಂದಲೇ.

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಈ ಮಂಡಳಿಗೆ ಕೆಲಸಗಾರರು ಸದಸ್ಯರಲ್ಲ, ಸಂಘಗಳು ಸದಸ್ಯರು. ಕೂಲಿಯ ಒಪ್ಪಂದ ಮಾಡಿಕೊಳ್ಳುವುದು ಲೋಕಲ್. ಆಳು ಕಳಿಸುವುದೂ ಲೋಕಲ್. ಪಿಂಚಣಿ, ಆಸ್ಪತ್ರೆ ಖರ್ಚಿನ ನಿಧಿ ಆಯಾ ಕಸುಬಿನದು. ಮಂಡಳಿಯ ಕೈಯಲ್ಲಿ ಇರುವುದು ಒಂದೇ: ಒಂದು ಕಸುಬಿಗೆ ಪೆಟ್ಟು ಬಿದ್ದಾಗ ಉಳಿದವರೂ ಕೆಲಸ ನಿಲ್ಲಿಸುತ್ತೇವೆ ಎಂಬ ಒಪ್ಪಿಗೆ. ಆ ಒಪ್ಪಿಗೆ ಗಟ್ಟಿ ಇರುವಷ್ಟು ದಿನ ಮಂಡಳಿಯೂ ಗಟ್ಟಿ.

ಬಡಗಿಗಳ ರೀಜನಲ್ ಕೌನ್ಸಿಲ್ ಇದಕ್ಕೆ ತದ್ವಿರುದ್ಧ. ಅದು ಒಂದೇ ಕಸುಬಿನ ಹಲವು ಲೋಕಲ್‌ಗಳನ್ನು, ಕೆಲವೊಮ್ಮೆ ಐದಾರು ರಾಜ್ಯಗಳದ್ದನ್ನು, ಒಂದೇ ಕೊಡೆಯಡಿ ತಂದದ್ದು. ಅಲ್ಲಿ ಹಣ, ಸಿಬ್ಬಂದಿ, ಕೂಲಿ ಒಪ್ಪಂದ ಎಲ್ಲವೂ ಮಂಡಳಿಯ ಕೈಯಲ್ಲಿ.

ಪ್ರಶ್ನೆ: ಮಂಡಳಿಯಲ್ಲಿ ಯಾವ ಸಂಘಕ್ಕೆ ಎಷ್ಟು ಓಟು? ದುಡ್ಡು ಎಲ್ಲಿಂದ? ಲೆಕ್ಕ ನೋಡುವವರು ಯಾರು?
(ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ಓಟು ಮತ್ತು ದುಡ್ಡು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಒಳ್ಳೆಯ ಉಪನಿಯಮದ ಗುಟ್ಟೇ ಅದು.

ಪ್ರತಿ ಲೋಕಲ್ ತಿಂಗಳಿಗೆ ತಲೆಗೆ ಇಷ್ಟು ಎಂದು ಮಂಡಳಿಗೆ ಚಂದಾ ಕಟ್ಟುತ್ತದೆ. ಎಷ್ಟು ತಲೆಗೆ ಕಟ್ಟಿದೆಯೋ ಅದರ ಮೇಲೆ ಅದಕ್ಕೆ ಸಿಗುವ ಪ್ರತಿನಿಧಿಗಳ ಸಂಖ್ಯೆ. ದರ ಮತ್ತು ಪ್ರಮಾಣ ಮಂಡಳಿಯಿಂದ ಮಂಡಳಿಗೆ ಬೇರೆ. ಅರ್ಥವಾಗಲೆಂದು ಒಂದು ಲೆಕ್ಕ ಹಾಕೋಣ. ಮೊದಲ 300 ಸದಸ್ಯರಿಗೆ 3 ಪ್ರತಿನಿಧಿಗಳು, ಆಮೇಲೆ ಪ್ರತಿ 300ಕ್ಕೆ ಒಬ್ಬರು, ಚಂದಾ ತಲೆಗೆ 60 ಸೆಂಟ್ ಎಂದಿಟ್ಟುಕೊಳ್ಳಿ. 1,200 ಸದಸ್ಯರ ಲೋಕಲ್ ತಿಂಗಳಿಗೆ 720 ಡಾಲರ್ ಕಟ್ಟಿ 6 ಪ್ರತಿನಿಧಿಗಳನ್ನು ಕೂರಿಸುತ್ತದೆ. ಅದೇ ಲೋಕಲ್ ‘ನಮ್ಮಲ್ಲಿ 900 ಜನ’ ಎಂದು ಬರೆದುಕೊಟ್ಟರೆ 180 ಡಾಲರ್ ಉಳಿಯುತ್ತದೆ, ಆದರೆ ಒಂದು ಕುರ್ಚಿ ಹೋಗುತ್ತದೆ. ದುಡ್ಡು ಉಳಿಸುವ ಆಸೆಯನ್ನು ಓಟಿನ ಆಸೆ ಹಿಡಿದಿಡುತ್ತದೆ. ಈ ಎರಡನ್ನೂ ಬೇರೆ ಮಾಡಿ, ‘ಸಂಘಕ್ಕೆ ಒಂದು ಓಟು, ಚಂದಾ ಅವರವರ ಶಕ್ತಿಯಂತೆ’ ಎಂದರೆ ದೊಡ್ಡ ಸಂಘ ತಲೆ ಕಡಿಮೆ ತೋರಿಸುತ್ತದೆ, ಸಣ್ಣ ಸಂಘ ಸುಮ್ಮನೆ ಓಟು ಹಾಕುತ್ತದೆ. ತಲೆ ಮುಚ್ಚಿಟ್ಟದ್ದನ್ನು ಹಿಡಿಯುವ ಸುಲಭ ದಾರಿಯೂ ಇದೆ: ಅದೇ ಲೋಕಲ್ ತನ್ನ ಇಂಟರ್‌ನ್ಯಾಷನಲ್‌ಗೆ ಆ ತಿಂಗಳು ಎಷ್ಟು ತಲೆಗೆ ಕಟ್ಟಿದೆ ಎಂಬ ರಸೀದಿಯ ಜೊತೆ ತಾಳೆ ನೋಡುವುದು.

ಬಾಕಿ ಉಳಿಸಿಕೊಂಡ ಲೋಕಲ್‌ಗೆ ಸಭೆಯಲ್ಲಿ ಓಟಿಲ್ಲ ಎಂಬ ನಿಯಮ ಇರಲೇಬೇಕು. ಎಷ್ಟು ತಿಂಗಳ ಬಾಕಿ ಎಂಬುದನ್ನು ಉಪನಿಯಮದಲ್ಲೇ ಬರೆದಿಡಬೇಕು, ಅಧ್ಯಕ್ಷರ ವಿವೇಚನೆಗೆ ಬಿಡಬಾರದು. ಬಿಟ್ಟರೆ ಚುನಾವಣೆಯ ಹಿಂದಿನ ವಾರ ಯಾರ ಬಾಕಿ ಮನ್ನಾ, ಯಾರದು ಇಲ್ಲ ಎಂಬುದೇ ಜಗಳವಾಗುತ್ತದೆ.

ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ-ಖಜಾಂಚಿ, ಲೆಕ್ಕ ನೋಡುವ ಟ್ರಸ್ಟಿಗಳು, ಇವರ ಜೊತೆ ಕಾರ್ಯಕಾರಿ ಸಮಿತಿ. ಈ ಸಮಿತಿಯಲ್ಲಿ ಕಸುಬಿಗೊಬ್ಬರು ಇರುವಂತೆ ನೋಡಿಕೊಳ್ಳುವುದು ವಾಡಿಕೆ. ಇಲ್ಲದಿದ್ದರೆ ಹೆಲ್ಪರ್‌ಗಳು, ಎಲೆಕ್ಟ್ರಿಷಿಯನ್ನರಂಥ ದೊಡ್ಡ ಸಂಖ್ಯೆಯವರೇ ತುಂಬಿಕೊಂಡು ಛಾವಣಿ ಹೊದಿಸುವವರ ಮಾತು ಕೇಳುವವರೇ ಇರುವುದಿಲ್ಲ. ದಿನನಿತ್ಯದ ಓಡಾಟಕ್ಕೆ ಸಂಬಳದ ಒಬ್ಬ ಮುಖ್ಯಸ್ಥ ಇರುತ್ತಾರೆ. ಕೆಲವೆಡೆ ಅಧ್ಯಕ್ಷರೇ, ಕೆಲವೆಡೆ ಕಾರ್ಯದರ್ಶಿ.

ಇನ್ನು ಲೆಕ್ಕ. 1959ರ ಲ್ಯಾಂಡ್ರಮ್-ಗ್ರಿಫಿನ್ ಕಾಯ್ದೆಯಂತೆ ಲೋಕಲ್ ಆಗಲಿ ಮಂಡಳಿಯಾಗಲಿ, ಆರ್ಥಿಕ ವರ್ಷ ಮುಗಿದ 90 ದಿನದೊಳಗೆ ಕೇಂದ್ರದ ಕಾರ್ಮಿಕ ಇಲಾಖೆಗೆ ವಾರ್ಷಿಕ ವರದಿ ಕೊಡಬೇಕು. ಪದಾಧಿಕಾರಿಗಳಿಗೆ ಎಷ್ಟು ಸಂಬಳ ಹೋಯಿತು, ಸಾಲ ಎಷ್ಟು, ಎಲ್ಲ ಅದರಲ್ಲಿ. ಆ ವರದಿಯನ್ನು ಸದಸ್ಯರಷ್ಟೇ ಅಲ್ಲ, ಯಾರು ಬೇಕಾದರೂ ತೆಗೆದು ಓದಬಹುದು. ಹಣ ಮುಟ್ಟುವವರ ಮೇಲೆ ಅವರು ನಿಭಾಯಿಸಿದ ಮೊತ್ತದ ಕನಿಷ್ಠ ಶೇ. 10ರಷ್ಟು ಬಾಂಡ್ ಇರಬೇಕು. ಬ್ಯಾಂಕಿನಲ್ಲಿ ಕ್ಯಾಶಿಯರ್ ಕೊಡುವ ಜಾಮೀನಿನ ಹಾಗೆಯೇ ಇದು. ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಬಡಗಿಗಳ ರೀಜನಲ್ ಕೌನ್ಸಿಲ್‌ನ ಮುಖ್ಯಸ್ಥರನ್ನು ಸದಸ್ಯರು ನೇರವಾಗಿ ಆರಿಸುವುದಿಲ್ಲವಂತೆ. ಇದು ಪ್ರಜಾಪ್ರಭುತ್ವವೇ?
(ಓದುಗರು, ಮಂಗಳೂರು)

ಉತ್ತರ: ಕಾನೂನು ಒಪ್ಪುತ್ತದೆ, ನಮಗೆ ಪೂರ್ತಿ ಒಪ್ಪಿಗೆಯಿಲ್ಲ.

1959ರ ಅದೇ ಕಾಯ್ದೆಯಲ್ಲಿ ಮೂರು ಮೆಟ್ಟಿಲುಗಳಿವೆ. ಲೋಕಲ್‌ನಲ್ಲಿ ಕನಿಷ್ಠ 3 ವರ್ಷಕ್ಕೊಮ್ಮೆ, ಸದಸ್ಯರ ಗುಪ್ತ ಮತದಾನದಿಂದ. ನಡುವಿನ ಮಂಡಳಿಯಲ್ಲಿ 4 ವರ್ಷಕ್ಕೊಮ್ಮೆ. ಸದಸ್ಯರೇ ಹಾಕಬಹುದು, ಅಥವಾ ಅವರು ಗುಪ್ತ ಮತದಿಂದ ಆರಿಸಿ ಕಳಿಸಿದ ಪ್ರತಿನಿಧಿಗಳು ಹಾಕಬಹುದು. ಇಂಟರ್‌ನ್ಯಾಷನಲ್‌ನಲ್ಲಿ 5 ವರ್ಷಕ್ಕೊಮ್ಮೆ. ರೀಜನಲ್ ಕೌನ್ಸಿಲ್ ಎರಡನೆಯ ಮೆಟ್ಟಿಲಿನಲ್ಲಿದೆ. ಲೋಕಲ್‌ಗಳು ಪ್ರತಿನಿಧಿಗಳನ್ನು ಆರಿಸುತ್ತವೆ, ಪ್ರತಿನಿಧಿಗಳು ‘ಎಕ್ಸಿಕ್ಯುಟಿವ್ ಸೆಕ್ರೆಟರಿ-ಟ್ರೆಷರರ್’ ಎಂಬ ಮುಖ್ಯಸ್ಥರನ್ನು ಆರಿಸುತ್ತಾರೆ, ಸೈಟುಗಳಿಗೆ ತಿರುಗುವ ಬಿಸಿನೆಸ್ ಏಜೆಂಟರನ್ನು ಆ ಮುಖ್ಯಸ್ಥರು ನೇಮಿಸುತ್ತಾರೆ.

ತೊಡಕು ಇಲ್ಲೇ. ಲೋಕಲ್ ಮಾಡುತ್ತಿದ್ದ ಕೆಲಸವೆಲ್ಲ ಮೇಲಕ್ಕೆ ಹೋಯಿತು, ನೇರ ಮತ ಮಾತ್ರ ಕೆಳಗೇ ಉಳಿಯಿತು. ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಬಡಗಿಗಳು ಇದನ್ನೇ ಹಿಡಿದು ಕೋರ್ಟಿಗೆ ಹೋದರು: ಲೋಕಲ್‌ನ ಕೆಲಸ ಮಾಡುವ ಮಂಡಳಿಗೆ ಲೋಕಲ್‌ನ ಚುನಾವಣಾ ನಿಯಮವೇ ಅನ್ವಯಿಸಲಿ ಎಂಬುದು ಅವರ ವಾದ. 2002ರಲ್ಲಿ ಮೇಲ್ಮನವಿ ಕೋರ್ಟು, ಅವರ ದೂರನ್ನು ತಳ್ಳಿಹಾಕಲು ಕಾರ್ಮಿಕ ಇಲಾಖೆ ಕೊಟ್ಟ ಕಾರಣ ಸಾಲದು ಎಂದು ಹಿಂದಕ್ಕೆ ಕಳಿಸಿತು. ಇಲಾಖೆ ಹೊಸದಾಗಿ ವಿವರಿಸಿತು, 2004ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಗಾಗಿ ಪರೋಕ್ಷ ಚುನಾವಣೆ ಉಳಿದಿದೆ. ಪ್ರತಿನಿಧಿಯಾದವರೇ ಮುಖ್ಯಸ್ಥರ ಕೈಕೆಳಗೆ ಸಂಬಳದ ನೌಕರರೂ ಆಗಿದ್ದರೆ ತಮ್ಮ ಯಜಮಾನರ ವಿರುದ್ಧ ಕೈ ಎತ್ತುವರೇ? ಯಾವ ಒಕ್ಕೂಟದಲ್ಲಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪ್ರಶ್ನೆ: ನಮ್ಮ ಆಫೀಸಿನ ಪಕ್ಕ ದೊಡ್ಡ ಕಟ್ಟಡ ಏಳುತ್ತಿದೆ. ಬೇಲಿಗೆ ಎರಡು ಗೇಟು, ಎರಡಕ್ಕೂ ಬೋರ್ಡು: ಇಂಥ ಕಂಪನಿಯವರು ಈ ಗೇಟಿನಿಂದ ಮಾತ್ರ, ಉಳಿದವರು ಆ ಗೇಟಿನಿಂದ ಅಂತ. ಪಿಕೆಟ್ ಮಾಡುವವರು (ಫಲಕ ಹಿಡಿದು ಪ್ರತಿಭಟಿಸುವವರು) ಒಂದೇ ಗೇಟಿನ ಮುಂದೆ ನಿಂತಿದ್ದಾರೆ. ಇನ್ನೊಂದರಲ್ಲಿ ಲಾರಿಗಳು ಆರಾಮಾಗಿ ಓಡಾಡುತ್ತಿವೆ. ಇದೆಂಥ ಮುಷ್ಕರ?
(ಕನ್ನಡಿಗರು, ಸ್ಯಾನ್ ಹೊಸೆ)

ಉತ್ತರ: ನೀವು ನೋಡಿದ್ದು ಎಪ್ಪತ್ತು ವರ್ಷಕ್ಕೂ ಹಳೆಯ ಒಂದು ತೀರ್ಪಿನ ಫಲ.

1948ರ ಜನವರಿ, ಡೆನ್ವರ್ ನಗರ. ಡೂಸ್ ಮತ್ತು ಲಿಂಟ್ನರ್ ಎಂಬ ಮುಖ್ಯ ಗುತ್ತಿಗೆದಾರರ ಕಟ್ಟಡ. ವೈರಿಂಗ್ ಕೆಲಸ ಗೌಲ್ಡ್ ಮತ್ತು ಪ್ರೈಸ್ನರ್ ಎಂಬ ಉಪಗುತ್ತಿಗೆದಾರರಿಗೆ, ಸುಮಾರು 2,300 ಡಾಲರಿಗೆ. ಆ ಸೈಟಿನಲ್ಲಿ ಸಂಘಕ್ಕೆ ಸೇರದ ಆಳುಗಳನ್ನು ಇಟ್ಟುಕೊಂಡಿದ್ದವರು ಇವರೊಬ್ಬರೇ. ಡೆನ್ವರ್‌ನ ಕಟ್ಟಡ ಸಂಘಗಳ ಮಂಡಳಿ ಒಬ್ಬ ಪಿಕೆಟನ್ನು ಫಲಕ ಕೊಟ್ಟು ನಿಲ್ಲಿಸಿತು. ಮರುಮಾತಿಲ್ಲದೆ ಬಡಗಿಗಳು, ಪ್ಲಂಬರ್‌ಗಳು, ಎಲ್ಲರೂ ಕೆಲಸ ಬಿಟ್ಟರು. ವೈರಿಂಗಿನವರು ಮಾತ್ರ ಬಂದರು. ಎರಡು ವಾರದಲ್ಲಿ ಮುಖ್ಯ ಗುತ್ತಿಗೆದಾರರು ವೈರಿಂಗಿನವರನ್ನು ಹೊರಗೆ ಕಳಿಸಿದರು, ಪಿಕೆಟ್ ತೆಗೆದರು, ಎಲ್ಲರೂ ಕೆಲಸಕ್ಕೆ ಮರಳಿದರು. ಮಂಡಳಿಯ ನಿಜವಾದ ಬಲ ಏನು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಡ.

1951ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ಒಂದೇ ಸೈಟಿನಲ್ಲಿದ್ದರೂ ಮುಖ್ಯ ಗುತ್ತಿಗೆದಾರ ಬೇರೆ ಮಾಲೀಕ, ಉಪಗುತ್ತಿಗೆದಾರ ಬೇರೆ ಮಾಲೀಕ. ಒಬ್ಬರ ಮೇಲಿನ ತಕರಾರಿಗೆ ಇನ್ನೊಬ್ಬರ ಕೆಲಸ ನಿಲ್ಲಿಸಿ ಅವರಿಂದ ಗುತ್ತಿಗೆ ರದ್ದು ಮಾಡಿಸುವುದು 1947ರ ಟಾಫ್ಟ್-ಹಾರ್ಟ್‌ಲಿ ಕಾಯ್ದೆಯಲ್ಲಿ ನಿಷಿದ್ಧ ಎಂದಿತು. ಕಟ್ಟಡ ಕೆಲಸದ ಸ್ವರೂಪ ಬಲ್ಲವರಿಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಅಡಿಪಾಯದವನು ಮುಗಿಸದೆ ಗೋಡೆಯವನಿಲ್ಲ, ಪೈಪು ಹಾಯದೆ ಪ್ಲಾಸ್ಟರ್ ಇಲ್ಲ. ಸೈಟು ಎಂದರೆ ಒಂದೇ ಕಾರ್ಖಾನೆ. ಇದನ್ನು ಬದಲಿಸುವ ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಅಧ್ಯಕ್ಷ ಜೆರಾಲ್ಡ್ ಫೋರ್ಡರ ಮೇಜಿಗೆ ಹೋಯಿತು. 1976ರ ಜನವರಿಯಲ್ಲಿ ಅವರು ತಡೆದರು. ಕಾರ್ಮಿಕ ಸಚಿವ ಜಾನ್ ಡನ್ಲಪ್ ರಾಜೀನಾಮೆ ಕೊಟ್ಟರು. ತೀರ್ಪು ಇಂದಿಗೂ ನಿಂತಿದೆ.

ಅದರಿಂದ ಹುಟ್ಟಿದ್ದೇ ಎರಡು ಗೇಟು. ತಕರಾರಿನ ಕಂಪನಿಗೆ, ಅದರ ಆಳುಗಳಿಗೆ, ಅದಕ್ಕೆ ಮಾಲು ತರುವ ಲಾರಿಗಳಿಗೆ ಒಂದು ಗೇಟು ಮೀಸಲು. ಉಳಿದ ಎಲ್ಲರಿಗೆ ಇನ್ನೊಂದು. ಬೋರ್ಡು ಹಾಕಿ, ಸಂಘಕ್ಕೆ ಪತ್ರ ಬರೆದು ತಿಳಿಸಿದ ಮೇಲೆ ಪಿಕೆಟ್ ಮೀಸಲು ಗೇಟಿನ ಮುಂದೆ ಮಾತ್ರ ನಿಲ್ಲಬಹುದು. 1950ರ ಮೂರ್ ಡ್ರೈ ಡಾಕ್ ಪ್ರಕರಣದ ನಾಲ್ಕು ಷರತ್ತುಗಳೂ ಇವೆ: ತಕರಾರಿನ ಕಂಪನಿಯ ಕೆಲಸ ಆ ಜಾಗದಲ್ಲಿ ಇರುವಾಗ ಮಾತ್ರ ನಿಲ್ಲಬೇಕು, ಆ ಹೊತ್ತಿನಲ್ಲಿ ಅವರು ತಮ್ಮ ಮಾಮೂಲು ಕೆಲಸ ಮಾಡುತ್ತಿರಬೇಕು, ಕೆಲಸದ ಜಾಗಕ್ಕೆ ಹತ್ತಿರವೇ ನಿಲ್ಲಬೇಕು, ತಕರಾರು ಯಾರ ಮೇಲೆ ಎಂಬುದು ಫಲಕದಲ್ಲಿ ಸ್ಪಷ್ಟವಾಗಿರಬೇಕು.

ಎಡವುವುದು ಎರಡೂ ಕಡೆಯವರು. ಸಂಘದವರು ಫಲಕದಲ್ಲಿ ಕಂಪನಿಯ ಹೆಸರು ಬಿಟ್ಟು ‘ಈ ಸೈಟು ಅನ್ಯಾಯದ್ದು’ ಎಂದು ಬರೆದರೆ ಕೆಟ್ಟರು. ಗುತ್ತಿಗೆದಾರರ ಕಡೆಯಿಂದ ಆಗುವ ತಪ್ಪು ಇನ್ನೂ ಸಾಮಾನ್ಯ: ಬೆಳಗ್ಗೆ ಆರೂವರೆಗೆ ಮೀಸಲು ಗೇಟಿನ ಬೀಗ ತೆಗೆಯುವವರು ಬಂದಿರುವುದಿಲ್ಲ, ತಕರಾರಿನ ಕಂಪನಿಯ ಕೇಬಲ್ ಡ್ರಮ್ಮಿನ ಲಾರಿ ‘ಒಂದು ಸಲ ತಾನೆ’ ಎಂದು ಇನ್ನೊಂದು ಗೇಟಿನಿಂದ ಒಳಗೆ ಹೋಗುತ್ತದೆ. ಅಲ್ಲಿಗೆ ಆ ಗೇಟಿನ ಮೈಲಿಗೆ ಶುರು. ಪಿಕೆಟ್ ಅಲ್ಲಿಗೂ ಬರಬಹುದು. ಇದಕ್ಕೆಂದೇ ಸಂಘದವರು ಆ ಗೇಟಿನ ಬಳಿ ಒಬ್ಬರನ್ನು ‘ಅಬ್ಸರ್ವರ್’ ಎಂಬ ಚೀಟಿ ಹಾಕಿ ಕೂರಿಸುತ್ತಾರೆ. ಅವರು ಯಾರೊಡನೆಯೂ ಮಾತಾಡಬಾರದು. ಲಾರಿಯ ನಂಬರು, ಸಮಯ ಬರೆದುಕೊಂಡು ಫೋಟೊ ತೆಗೆಯುವುದಷ್ಟೇ ಕೆಲಸ. ಮುಂದಿನ ಸಲ ನೋಡಿ, ಮಡಚುವ ಕುರ್ಚಿಯಲ್ಲಿ ಕೂತವರು ನಿಮ್ಮ ಕಣ್ಣಿಗೂ ಬೀಳಬಹುದು.

ಪ್ರಶ್ನೆ: ನಾನು ಸೈಟ್ ಎಂಜಿನಿಯರ್. ಅಮೆರಿಕದ ಪ್ರಾಜೆಕ್ಟೊಂದರ ಯೋಜನಾ ತಂಡದಲ್ಲಿದ್ದೇನೆ. ‘ಪಿಎಲ್‌ಎ ಇದೆ, ಪ್ರಿ-ಜಾಬ್ ಆಗದೆ ಆಳು ಇಳಿಸಬೇಡಿ’ ಎಂದಿದ್ದಾರೆ. ಇದರಲ್ಲಿ ಮಂಡಳಿಯ ಪಾತ್ರವೇನು?
(ಓದುಗರು, ಬೆಂಗಳೂರು)

ಉತ್ತರ: ಪಿಎಲ್‌ಎ ಅಂದರೆ ಪ್ರಾಜೆಕ್ಟ್ ಲೇಬರ್ ಅಗ್ರಿಮೆಂಟ್. ಒಂದು ಕಾಮಗಾರಿಗೆ ಸೀಮಿತವಾದ, ಎಲ್ಲ ಕಸುಬುಗಳನ್ನೂ ಸೇರಿಸಿದ ಒಂದೇ ಒಪ್ಪಂದ. ಕಸುಬಿಗೊಂದರಂತೆ ಹತ್ತು ಹನ್ನೆರಡು ಒಪ್ಪಂದಗಳ ರಜೆ, ಪಾಳಿ, ಮುಷ್ಕರದ ದಿನಾಂಕ ಎಲ್ಲ ಬೇರೆ ಬೇರೆ ಇದ್ದರೆ ಕೆಲಸ ಸಾಗದು. ಅದಕ್ಕೆ ಮಂಡಳಿ ಎಲ್ಲರ ಪರ ಕೂತು ಮಾತಾಡುತ್ತದೆ, ಕೊನೆಗೆ ಪ್ರತಿ ಲೋಕಲ್ ಸಹಿ ಹಾಕುತ್ತದೆ. ಕಾಮಗಾರಿ ಮುಗಿಯುವವರೆಗೆ ಮುಷ್ಕರವೂ ಇಲ್ಲ, ಲಾಕೌಟೂ ಇಲ್ಲ. ಸರ್ಕಾರಿ ಸಂಸ್ಥೆ ತಾನೇ ಮಾಲೀಕನಾಗಿ ಕಟ್ಟಿಸುವಾಗ ಇಂಥ ಒಪ್ಪಂದ ಕೇಳಬಹುದು ಎಂದು 1993ರಲ್ಲಿ ಬಾಸ್ಟನ್ ಬಂದರಿನ ನೀರು ಶುದ್ಧೀಕರಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ನಿಮ್ಮ ಕೆಲಸದ ಸಾಲು ಹೀಗೆ ಬರುತ್ತದೆ. ಮೊದಲು ಪ್ರತಿ ಉಪಗುತ್ತಿಗೆದಾರರಿಂದ, ಅವರ ಕೆಳಗಿನವರಿಂದಲೂ, ‘ಈ ಒಪ್ಪಂದಕ್ಕೆ ಬದ್ಧ’ ಎಂಬ ಸಮ್ಮತಿ ಪತ್ರ. ಆಮೇಲೆ ಪ್ರಿ-ಜಾಬ್ ಸಭೆ. ಗುತ್ತಿಗೆದಾರರು ಯಾವ ಕೆಲಸ, ಯಾವ ಯಂತ್ರ, ಎಷ್ಟು ಆಳು, ಎಂದಿನಿಂದ ಎಂಬ ಪಟ್ಟಿ ತಂದು, ಯಾವ ಕೆಲಸ ಯಾವ ಕಸುಬಿಗೆ ಎಂದು ಬರೆದು ಓದುತ್ತಾರೆ. ತಕರಾರಿದ್ದ ಸಂಘ ಅಲ್ಲೇ ಎದ್ದು ಹೇಳಬೇಕು. ನಂತರ ಆಳಿಗಾಗಿ ಲೋಕಲ್‌ಗೆ ಕರೆ. ಸಾಮಾನ್ಯವಾಗಿ 48 ತಾಸಿನಲ್ಲಿ ಕಳಿಸದಿದ್ದರೆ ನೀವು ಹೊರಗಿನಿಂದ ತೆಗೆದುಕೊಳ್ಳಬಹುದು.

ಎಲ್ಲಿ ಕೆಡುತ್ತದೆ? ಮೂರನೇ ಮೆಟ್ಟಿಲ ಉಪಗುತ್ತಿಗೆದಾರರ ಸಮ್ಮತಿ ಪತ್ರ ತೆಗೆದುಕೊಳ್ಳುವುದನ್ನು ಮರೆಯುವುದು ಒಂದು. ಕಿಟಕಿ ಗಾಜು ಕೂರಿಸಲು ನಾಲ್ಕು ಜನ ಬರುತ್ತಾರೆ, ಒಂದು ವಾರದ ಕೆಲಸ, ಯಾರೂ ಕೇಳುವುದಿಲ್ಲ. ಪಿಂಚಣಿ, ಆಸ್ಪತ್ರೆ ನಿಧಿಗೆ ತಾಸಿಗಿಷ್ಟು ಎಂದು ಕಟ್ಟಬೇಕಾದದ್ದು ಕಟ್ಟಿರುವುದಿಲ್ಲ. ಬಾಕಿ ಕೊನೆಗೆ ಮುಖ್ಯ ಗುತ್ತಿಗೆದಾರರ ಕೊರಳಿಗೆ ಬರುತ್ತದೆ. ಕೇಂದ್ರದ ಹಣದ, 2,000 ಡಾಲರ್ ಮೀರಿದ ಕಾಮಗಾರಿಯಾದರೆ 1931ರ ಡೇವಿಸ್-ಬೇಕನ್ ಕಾಯ್ದೆಯೂ ಇದೆ. ಆ ಊರಿನ ಚಾಲ್ತಿ ಕೂಲಿ ಕೊಡಬೇಕು, ವಾರ ವಾರ ದೃಢೀಕರಿಸಿದ ಮಜೂರಿ ಪಟ್ಟಿ ಸಲ್ಲಿಸಬೇಕು. ಪಟ್ಟಿಯಲ್ಲಿ ವೈರ್‌ಮನ್ನನ್ನು ‘ಹೆಲ್ಪರ್’ ಎಂದು ಬರೆದು ಕಡಿಮೆ ಕೊಟ್ಟದ್ದು ಸಂಘದವರ ಕಣ್ಣಿಗೆ ಬೇಗ ಬೀಳುತ್ತದೆ.

ಎರಡನೆಯದು, ‘ಇದು ನನ್ನ ಕೆಲಸ’ ಎಂಬ ಗಡಿಜಗಳ. ಮಂಡಳಿಗಳು ಒಡೆದದ್ದು ಹೆಚ್ಚಾಗಿ ಮಾಲೀಕರಿಂದಲ್ಲ, ಇದರಿಂದ. ಮರದ ಬಾಗಿಲು ಬಡಗಿಯದು, ಸರಿ. ಕಳೆದ ಶತಮಾನದ ಮೊದಲಲ್ಲಿ ಬೆಂಕಿಯ ಭಯಕ್ಕೆ ದೊಡ್ಡ ಕಟ್ಟಡಗಳಲ್ಲಿ ತಗಡಿನ ಬಾಗಿಲು, ತಗಡಿನ ಚೌಕಟ್ಟು ಬಂದವು. ಮಾಡಿದ್ದು ತಗಡಿನಿಂದ ಎಂದು ತಗಡಿನವರು. ತೂಗುಗುಂಡು, ಮಟ್ಟ ಹಿಡಿದು ಕೂರಿಸುವ ಕೈಚಳಕ ನಮ್ಮದೇ ಎಂದು ಬಡಗಿಗಳು. 1909ರಲ್ಲಿ ದೇಶಮಟ್ಟದ ಒಕ್ಕೂಟ ತಗಡಿನವರ ಪರ ಹೇಳಿತು. ಅಲ್ಲಿನ ಅತಿ ದೊಡ್ಡ ಸಂಘವಾಗಿದ್ದ ಬಡಗಿಗಳದು ಒಪ್ಪಲಿಲ್ಲ, ಒಕ್ಕೂಟದಿಂದ ಹೊರಬಿತ್ತು. ಸಿಟ್ಟು ಆರಲು ಎರಡು ದಶಕವೇ ಹಿಡಿಯಿತು. ವಸ್ತು ಬದಲಾದಾಗಲೆಲ್ಲ ಈ ಜಗಳ ಹೊಸದಾಗಿ ಹುಟ್ಟುತ್ತದೆ. 2001ರಲ್ಲಿ ಬಡಗಿಗಳ ಸಂಘ ಬೇರೆ ಕಾರಣಗಳಿಗೆ ಎಎಫ್‌ಎಲ್-ಸಿಐಒ ಮಹಾಒಕ್ಕೂಟವನ್ನೇ ಬಿಟ್ಟಾಗಲೂ ಊರಿನ ಮಂಡಳಿಗಳು ಅವರಿಲ್ಲದೆ ಮೇಜು ಹಾಕಬೇಕಾಯಿತು.

ಈಗ ಪಿಎಲ್‌ಎ ಇದ್ದಲ್ಲಿ ಗಡಿಜಗಳ ಪಂಚಾಯ್ತಿದಾರರ ಮುಂದೆ ಹೋಗುತ್ತದೆ. ತೀರ್ಮಾನವಾಗುವವರೆಗೆ ಗುತ್ತಿಗೆದಾರರು ಕೊಟ್ಟ ಕಸುಬಿನವರೇ ಮುಂದುವರಿಯಬೇಕು, ಕೆಲಸ ನಿಲ್ಲಿಸುವಂತಿಲ್ಲ. ಪಿಎಲ್‌ಎ ಇಲ್ಲದೆಡೆ ಸಂಘ ಬೆದರಿಕೆ ಹಾಕಿ ದೂರು ದಾಖಲಾದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ನೋಟಿಸು ಕೊಡುತ್ತದೆ. 10 ದಿನದಲ್ಲಿ ತಾವೇ ಬಗೆಹರಿಸಿಕೊಳ್ಳದಿದ್ದರೆ ಅದೇ ವಿಚಾರಣೆ ಮಾಡಿ ಕೆಲಸ ಯಾರದೆಂದು ಹೇಳುತ್ತದೆ. ನಿಮಗೆ ನಮ್ಮ ಸಲಹೆ: ಪ್ರಿ-ಜಾಬ್ ಪಟ್ಟಿಯಲ್ಲಿ ‘ಒಳಾಂಗಣ ಕೆಲಸ’ ಎಂದು ಒಟ್ಟಾಗಿ ಬರೆಯಬೇಡಿ. ಸ್ಟಡ್, ಬೋರ್ಡು, ಚೌಕಟ್ಟು, ಬಾಗಿಲ ರೆಕ್ಕೆ, ಬೀಗ, ಎಲ್ಲವನ್ನೂ ಬಿಡಿ ಬಿಡಿಯಾಗಿ ಬರೆಯಿರಿ. ಮಾಲು ಇಳಿಸುವುದು ಯಾರು, ಮಹಡಿಗೆ ಸಾಗಿಸುವುದು ಯಾರು ಎಂಬುದನ್ನೂ ಬಿಡಬೇಡಿ. ಹೆಚ್ಚಿನ ಮಾತು ಬೆಳೆಯುವುದು ಅಲ್ಲೇ.

ಪ್ರಶ್ನೆ: ಐಟಿಐ ಮುಗಿಸಿ ಎಂಟು ವರ್ಷದಿಂದ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದೇನೆ. ಅಲ್ಲಿನ ಯೂನಿಯನ್ ಮೂಲಕ ಕೆಲಸ ಕೊಡಿಸುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಕೊಡಬೇಡಿ. ಮಂಡಳಿ ಆಳು ಕಳಿಸುವುದೇ ಇಲ್ಲ. ಲೋಕಲ್ ಕಳಿಸುತ್ತದೆ, ಅದೂ ತನ್ನ ಕಚೇರಿಯಲ್ಲಿ ಹೆಸರು ಬರೆಸಿದವರನ್ನು, ಸರದಿಯಂತೆ. ವೀಸಾ ಕೊಡಿಸುವ ಅಧಿಕಾರ ಯಾವ ಲೋಕಲ್‌ಗೂ ಇಲ್ಲ. ಅಲ್ಲಿ ದುಡಿಯಲು ಕಾನೂನಿನ ಅನುಮತಿ ಮೊದಲೇ ಕೈಯಲ್ಲಿರುವವರಿಗೆ ಮಾತ್ರ ಈ ದಾರಿ. ಅಂಥವರೂ ಸಾಮಾನ್ಯವಾಗಿ ಅಪ್ರೆಂಟಿಸ್ ಆಗಿ ಒಳಗೆ ಬರಬೇಕು: ಕಟ್ಟಡ ವೈರಿಂಗಿಗೆ ಐದು ವರ್ಷ, ಕೆಲಸದ ಮೇಲೆ ಸುಮಾರು 8,000 ತಾಸು, ಜೊತೆಗೆ ತರಗತಿ. ಈ ತರಬೇತಿ ನಡೆಸುವ ಸಮಿತಿಯಲ್ಲಿ ಗುತ್ತಿಗೆದಾರರೂ ಸಂಘದವರೂ ಸರಿಸಮ ಇರುತ್ತಾರೆ, ಕಲಿಯುತ್ತಿರುವಾಗಲೇ ಕೂಲಿ ಸಿಗುತ್ತದೆ. ಇಲ್ಲಿ ಹಣ ಕೇಳುತ್ತಿರುವವರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಕಟ್ಟಡ ಕಾರ್ಮಿಕರ ಸಂಘಗಳಿವೆ. ಒಂದು ಒಕ್ಕೂಟ ಮಾಡಬೇಕೆಂದಿದ್ದೇವೆ. ಅಲ್ಲಿಂದ ಕಲಿಯುವುದೇನಾದರೂ ಇದೆಯೇ? ಅವರು ಏಷ್ಯದವರನ್ನು ಹೊರಗಿಟ್ಟವರಂತೆ, ಅದು ನಿಜವೇ?
(ಸಂಘದ ಕಾರ್ಯಕರ್ತರು, ಕಲಬುರಗಿ)

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇವೆ. ನಿಜ. ಸ್ಯಾನ್ ಫ್ರಾನ್ಸಿಸ್ಕೊ ಮಂಡಳಿ 1896ರಲ್ಲಿ ಹುಟ್ಟಿತು. ಮೂರು ತಿಂಗಳಿಗೊಮ್ಮೆ ಹೊಸ ಕಾರ್ಡು ಕೊಟ್ಟು, ಕಾರ್ಡಿಲ್ಲದವರಿರುವ ಸೈಟನ್ನೇ ನಿಲ್ಲಿಸುವಷ್ಟು ಬಲ ಗಳಿಸಿತು. 1900ರಲ್ಲಿ ಎಂಟು ತಾಸಿನ ದಿನ ಕೇಳಿದ್ದಕ್ಕೆ ಮರದ ಮಿಲ್ಲುಗಳ ಮಾಲೀಕರು ಬಾಗಿಲು ಹಾಕಿದಾಗ ತಾನೇ ಒಂದು ಮಿಲ್ಲು ತೆರೆದು ಗೆದ್ದಿತು. ಅದರ ಅಧ್ಯಕ್ಷ, ಬಡಗಿ ಪಿ. ಎಚ್. ಮೆಕಾರ್ಥಿ, 1910ರಲ್ಲಿ ನಗರದ ಮೇಯರ್ ಆದರು. ಅದೇ ಜನ 1905ರಲ್ಲಿ ಏಷ್ಯದವರನ್ನು ಹೊರಗಿಡುವ ಲೀಗ್ ಕಟ್ಟಿದರು. ರಾಜ್ಯ ಮಂಡಳಿಯ ಕಾರ್ಯದರ್ಶಿ ಓಲಾಫ್ ಟ್ವೀಟ್ಮೋ ಅದರ ಅಧ್ಯಕ್ಷ. ಮೊದಲು ಜಪಾನೀಯರು, ಕೊರಿಯನ್ನರು, ಆಮೇಲೆ ಭಾರತೀಯರೂ ಅದರ ಗುರಿಯಾದರು. ಕರಿಯರಿಗೂ ಅನೇಕ ಕಸುಬುಗಳ ಬಾಗಿಲು ಮುಚ್ಚಿತ್ತು. ಅಪ್ಪನ ಕಸುಬು ಮಗನಿಗೆ ಎಂಬಂತೆ ಅಪ್ರೆಂಟಿಸ್ ಜಾಗ ಹಂಚುತ್ತಿದ್ದರು. 1969ರ ಫಿಲಡೆಲ್ಫಿಯಾ ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಕೈ ಹಾಕಿ ಆರು ಕಸುಬುಗಳಿಗೆ ಗುರಿ ನಿಗದಿ ಮಾಡಬೇಕಾಯಿತು. ಹೊರಗಿಟ್ಟವರು ಕಡಿಮೆ ಕೂಲಿಗೆ ಬೇರೆ ಸೈಟಿನಲ್ಲಿ ದುಡಿದರು, ಅದರಿಂದ ಸಂಘದ ಕೂಲಿಯೂ ಇಳಿಯಿತು. ನಿಮ್ಮ ಸೈಟುಗಳಲ್ಲಿ ಬಿಹಾರ, ಒಡಿಶಾದಿಂದ ಬಂದು ಸೆಂಟ್ರಿಂಗ್, ಬಾರ್ ಬೆಂಡಿಂಗ್ ಮಾಡುವವರನ್ನು ಒಕ್ಕೂಟದ ಹೊರಗೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇವೆ.

ಇನ್ನು ಕಟ್ಟುವ ವಿಷಯ. ಎರಡು ಅಥವಾ ಹೆಚ್ಚು ಸಂಘಗಳ ಒಕ್ಕೂಟವನ್ನೂ ‘ಟ್ರೇಡ್ ಯೂನಿಯನ್’ ಎಂದೇ 1926ರ ಕಾಯ್ದೆ ಹೇಳಿತ್ತು, 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಅಸಂಘಟಿತ ವಲಯದ ಸಂಘದಲ್ಲಿ ಕನಿಷ್ಠ ಅರ್ಧದಷ್ಟು ಪದಾಧಿಕಾರಿಗಳು ಆ ಕೆಲಸದವರೇ ಆಗಿರಬೇಕು ಎಂಬುದೂ ಎರಡರಲ್ಲೂ ಇದೆ. ನೋಂದಣಿಯ ದಿನ ತೋರಿಸಲು ಮಾತ್ರವಲ್ಲ, ನಿಜವಾಗಿ ಇರಲಿ.

ನಮ್ಮಲ್ಲಿ ಗಾರೆ, ಬಡಗಿ, ಪ್ಲಂಬರ್, ಪೇಂಟರ್ ಎಲ್ಲರೂ ಒಂದೇ ತಾಲ್ಲೂಕು ಸಂಘದಲ್ಲಿ ಇರುವುದರಿಂದ ಅಲ್ಲಿನ ಗಡಿಜಗಳ ನಿಮಗೆ ಬಾರದು. ಇದು ದೊಡ್ಡ ಲಾಭ. ಆದರೆ ನಮ್ಮ ಸಂಘಗಳ ಬಹುಪಾಲು ಶಕ್ತಿ ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು, ನವೀಕರಣ, 90 ದಿನ ದುಡಿದ ದೃಢೀಕರಣ, ಸಹಾಯಧನದ ಅರ್ಜಿ, ಇದರಲ್ಲೇ ಕರಗುತ್ತದೆ. ಮೇಸ್ತ್ರಿಯೊಡನೆ, ಗುತ್ತಿಗೆದಾರರೊಡನೆ ಕೂಲಿ ಮಾತಾಡುವವರಿಲ್ಲ. ಕಾರ್ಡಿನ ಕೆಲಸ ತಾಲ್ಲೂಕಿಗೆ ಬಿಡಿ. ಒಕ್ಕೂಟದ ಕೆಲಸ ಕೂಲಿದರ ಮತ್ತು ಸುರಕ್ಷತೆ ಎಂದು ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಎರಡೂ ಕಡೆ ಅದೇ ಕೆಲಸ ನಡೆದರೆ ‘ಅರ್ಜಿಗೆ ಹಣ ತೆಗೆದುಕೊಂಡವರು ಯಾರು’ ಎಂಬ ಮಾತು ಏಳುತ್ತದೆ, ಒಕ್ಕೂಟ ಅಲ್ಲಿಗೇ ನಿಲ್ಲುತ್ತದೆ.

ಪ್ರತಿನಿಧಿಗಳನ್ನು ಚಂದಾ ಕಟ್ಟಿದ ತಲೆಯ ಮೇಲೆ ಕೊಡಿ, ಮೇಲೆ ಶಿವಮೊಗ್ಗದವರಿಗೆ ಹೇಳಿದ ಲೆಕ್ಕದಂತೆ. ಆದರೆ ಎಷ್ಟೇ ಸಣ್ಣ ತಾಲ್ಲೂಕಿಗೂ ಇಬ್ಬರು ಇರಲಿ, ಒಬ್ಬರು ಹೆಣ್ಣುಮಗಳು. ಇಟ್ಟಿಗೆ, ಸಿಮೆಂಟು ಹೊರುವವರಲ್ಲಿ ಹೆಂಗಸರು ಎಷ್ಟಿದ್ದಾರೆ ಎಂದು ನಿಮಗೇ ಗೊತ್ತು. ಸಭೆ ಅಮಾವಾಸ್ಯೆಯ ದಿನ ಇಟ್ಟುಕೊಳ್ಳಿ. ಬಹಳ ಕಡೆ ಅಂದು ಗಾರೆ ಕೆಲಸ ಬಿಡುವುದರಿಂದ ಜನ ಕೂಲಿ ಕಳೆದುಕೊಳ್ಳದೆ ಬರಬಹುದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಇಬ್ಬರೂ ಬೇರೆ ಬೇರೆ ತಾಲ್ಲೂಕಿನವರು. ಪ್ರತಿ ಸಭೆಯಲ್ಲಿ ಜಮಾ-ಖರ್ಚು ಗಟ್ಟಿಯಾಗಿ ಓದಿ, ಓದು ಬಾರದವರಿಗೂ ಕೇಳುವ ಹಾಗೆ, ಆಮೇಲೆ ಹಾಜರಿ ಪುಸ್ತಕದ ಅದೇ ಪುಟದಲ್ಲಿ ಉಳಿಕೆ ಬರೆದು ಎಲ್ಲ ತಾಲ್ಲೂಕಿನ ಒಬ್ಬೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.